ಮೇಲಿನವರ ನೆಲ, ಕೆಳಗಿನವರ ಸೂರು

ಡೊಂಬಿವಲಿಯ ಜಗಳಗಳಲ್ಲಿ ಲೋಕಲ್ ಟ್ರೇನಿನ ನಾಲ್ಕನೇ ಸೀಟಿನದ್ದು ಠಾಣೆ ಬರುವಷ್ಟರಲ್ಲಿ ತಣ್ಣಗಾಗುತ್ತದೆ. ಪಾರ್ಕಿಂಗಿನದ್ದು ಸೊಸೈಟಿಯ ಮುಂದಿನ ಮೀಟಿಂಗಿನವರೆಗೆ ಎಳೆಯುತ್ತದೆ. ಬಾತ್‌ರೂಮಿನ ಲೀಕೇಜಿನದ್ದು ಮಾತ್ರ ಮುಗಿಯುವ ಜಾತಿಯದ್ದಲ್ಲ. ಒಂದನೇ ಮಹಡಿಯವರು ಎರಡನೇ ಮಹಡಿಯವರಿಗೆ ಕಾಗದ ಕೊಡದೆ ಮಗಳ ಮದುವೆ ಮುಗಿಸಿದ್ದನ್ನು ಕಂಡಿದ್ದೇನೆ. ಕಾರಣ ಆಸ್ತಿಯಲ್ಲ, ಮಾತಲ್ಲ, ಟಾಯ್ಲೆಟ್ಟಿನ ಮೂಲೆಯಲ್ಲಿ ಹಾಳಾದ ಒಂದು ಜಾಯಿಂಟು.

ಶುರುವಾಗುವ ಬಗೆ ಎಲ್ಲ ಕಡೆ ಒಂದೇ. ಕೆಳಗಿನ ಮನೆಯ ಸೂರಿನಲ್ಲಿ, ಚಹಾದ ಕಪ್ಪು ಇಟ್ಟೆದ್ದ ಹಾಗೆ ಒಂದು ಕಂದು ಉಂಗುರ ಮೂಡುತ್ತದೆ. ತಿಂಗಳಲ್ಲಿ ಬಣ್ಣ ಉಬ್ಬುತ್ತದೆ, ಒತ್ತಿದರೆ ಪುಡಿ ಉದುರುತ್ತದೆ. ಕೆಳಗಿನವರು ಮೇಲೆ ಹೋಗಿ ಬೆಲ್ ಒತ್ತುತ್ತಾರೆ.

"ಅಕ್ಕ, ನಿಮ್ಮ ಬಾತ್‌ರೂಮಿಂದ ನಮ್ಮಲ್ಲಿ ನೀರು ಇಳೀತಾ ಉಂಟು."

"ನಮ್ಮದು ಹೋದ ವರ್ಷವೇ ಹೊಸ ಟೈಲ್ಸ್ ಹಾಕಿಸಿದ್ದಲ್ವಾ! ಅದು ಹೊರಗಿನ ಪೈಪಿಂದ ಇರ್ಬೇಕು. ಸೆಕ್ರೆಟರಿಯತ್ರ ಕೇಳಿ ನೋಡಿ."

ಸೆಕ್ರೆಟರಿ ಬಂದು ಮೇಲೆ ಕೆಳಗೆ ನೋಡಿ, "ಇದು ಇಂಟರ್ನಲ್ ಲೀಕೇಜು, ನೀವಿಬ್ಬರೇ ಮಾತಾಡಿಕೊಳ್ಳಿ" ಎಂದು ಕೈ ತೊಳೆದುಕೊಳ್ಳುತ್ತಾರೆ. ಅಲ್ಲಿಗೆ ಒಂದು ಮಳೆಗಾಲ ಕಳೆಯುತ್ತದೆ.

ಊರಿನ ಹಂಚಿನ ಮನೆಯಲ್ಲಿ ಬಚ್ಚಲ ನೀರು ಬಾಳೆಬುಡಕ್ಕೆ ಹೋಗುತ್ತಿತ್ತು. ಸೋರಿದರೂ ನಮ್ಮ ಮಣ್ಣಿಗೇ ಸೋರುತ್ತಿತ್ತು. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳ ಫ್ಲ್ಯಾಟಿನಲ್ಲಿ ಹಾಗಲ್ಲ. ಇಲ್ಲಿ ನಮ್ಮ ನೆಲವೆಂದರೆ ಇನ್ನೊಬ್ಬರ ಸೂರು, ನಾವು ಅಸಡ್ಡೆ ಮಾಡಿದ್ದು ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ. ನಲ್ಲಿ, ಪೈಪು, ಮೋರಿಗಳ ನಿಗಾ ಇಲ್ಲಿ ಪ್ಲಂಬರನ ವಿಷಯಕ್ಕಿಂತ ನೆರೆಕರೆಯ ವಿಷಯ. ಇದೊಂದು ತಲೆಗೆ ಹೋದರೆ ಮಿಕ್ಕಿದ್ದೆಲ್ಲ ಬರೀ ಪಾನೆ, ಟೆಫ್ಲಾನ್ ಟೇಪುಗಳ ಕೆಲಸ.

ನಲ್ಲಿಗೆ ಬರುವ ನೀರಿನ ದಾರಿಯನ್ನು ಸ್ವಲ್ಪ ನೋಡೋಣ. ಕಲ್ಯಾಣ–ಡೊಂಬಿವಲಿಯವರು ಕುಡಿಯುವುದು ಉಲ್ಹಾಸ ನದಿಯ ನೀರು. ಡೊಂಬಿವಲಿಯ ಎಂಐಡಿಸಿ ವಸತಿ ಪ್ರದೇಶಕ್ಕೆ ಮಾತ್ರ ಎಂಐಡಿಸಿಯದೇ ಸರಬರಾಜು, ಅದರ ಹಿಂದೆ ಬದಲಾಪುರದ ಬಳಿಯ ಬಾರವಿ ಅಣೆಕಟ್ಟು ಇದೆ. ಸಹ್ಯಾದ್ರಿಯ ಪಶ್ಚಿಮ ತಪ್ಪಲಿನ ಹೊಳೆಗಳು ಬೇಸಿಗೆಯಲ್ಲಿ ಬತ್ತಿದರೂ ಉಲ್ಹಾಸ ಬತ್ತುವುದಿಲ್ಲ. ಕಾರಣ, ಕರ್ಜತ್ ಹತ್ತಿರದ ಭಿವಪುರಿಯಲ್ಲಿ ಟಾಟಾದವರ ಜಲವಿದ್ಯುತ್ ಕೇಂದ್ರವಿದೆ. 1922ರಿಂದ ಅದು ಘಟ್ಟದ ಮೇಲಿನ ಆಂಧ್ರಾ ಜಲಾಶಯದ ನೀರನ್ನು ಕೆಳಗಿಳಿಸಿ, ಟರ್ಬೈನ್ ತಿರುಗಿಸಿ, ಉಲ್ಹಾಸಕ್ಕೆ ಬಿಡುತ್ತದೆ. ಆ ಜಲಾಶಯ ಕಟ್ಟಿರುವ ಆಂಧ್ರಾ ಹೊಳೆ ಇಂದ್ರಾಯಣಿಯ ಉಪನದಿ, ಇಂದ್ರಾಯಣಿ ಭೀಮೆಗೆ ಸೇರುವ ನದಿ. ಅಂದರೆ ತನ್ನ ಪಾಡಿಗೆ ಹರಿದಿದ್ದರೆ ವಿಜಯಪುರ, ಕಲಬುರಗಿಗಳ ಕಡೆ ಹೋಗಬೇಕಿದ್ದ ನೀರು ಡೊಂಬಿವಲಿಯ ಅಡುಗೆಮನೆಯಲ್ಲಿ ಬೀಳುತ್ತಿದೆ. ಇಂಡಿ, ಅಫಜಲಪುರದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದವರಿಗೆ ಈ ಮಾತು ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನಲ್ಲಿಯನ್ನು ಬಿಗಿಯಾಗಿ ತಿರುಗಿಸುತ್ತಾರೆ.

ಠಾಣೆಗೆ ಪಿಸೆಯಲ್ಲಿ ಎತ್ತುವ ಭಾತ್ಸಾ ನೀರು ಬರುತ್ತದೆ, ಜೊತೆಗೆ ಶಹಾಡ್–ತೇಮ್‌ಘರ್ ಯೋಜನೆಯ 'ಸ್ಟೆಮ್' ಕಂಪನಿಯ ನೀರೂ ಇದೆ. ನವಿ ಮುಂಬಯಿ ಅದೃಷ್ಟವಂತ ಊರು. ಖಾಲಾಪುರ ತಾಲೂಕಿನಲ್ಲಿ ಧಾವರಿ ನದಿಗೆ ಕಟ್ಟಿದ ಮೊರ್ಬೆ ಅಣೆಕಟ್ಟು ಮಹಾನಗರಪಾಲಿಕೆಯದೇ ಸ್ವಂತದ್ದು. ಅದರ ನೀರು ಭೋಕರಪಾಡಾದಲ್ಲಿ ಶುದ್ಧವಾಗಿ ವಾಶಿ, ನೆರುಳ್‌ಗಳಿಗೆ ಬರುತ್ತದೆ. ಹಾಗೆಂದು ಎಲ್ಲರಿಗೂ ಸಮನಾಗಿ ಸಿಗುತ್ತದೆಂದಲ್ಲ. ಘೋಡ್‌ಬಂದರ್ ರಸ್ತೆಯ ಎತ್ತರದ ಟವರುಗಳ ಗೇಟಿನಲ್ಲಿ, ಖಾರ್‌ಘರ್, ಉಲ್ವೆಯ ಕೆಲವು ಸೆಕ್ಟರುಗಳಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರುಗಳದ್ದೇ ಸಾಲು.

ಈ ನೀರು ಇಪ್ಪತ್ತನಾಲ್ಕು ಗಂಟೆಯೂ ಬರುವುದಿಲ್ಲ ಎನ್ನುವುದರಲ್ಲೇ ನಮ್ಮ ಅರ್ಧ ಪ್ಲಂಬಿಂಗ್ ರೋಗಗಳಿವೆ. ರಿಪೇರಿಗೆಂದು ಒಂದು ದಿನ ಶಟ್‌ಡೌನ್ ಆದರೆ ರಸ್ತೆಯಡಿಯ ಮುಖ್ಯ ಪೈಪು ಖಾಲಿಯಾಗುತ್ತದೆ. ಖಾಲಿ ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ. ಎಲ್ಲಿ ಸಣ್ಣ ಬಿರುಕಿದೆಯೋ, ಪಕ್ಕದಲ್ಲಿ ಗಟಾರ ಇದೆಯೋ, ಅಲ್ಲಿಂದ ಕೊಳೆ ಒಳಗೆ ಬರುತ್ತದೆ. ಮತ್ತೆ ನೀರು ಬಿಟ್ಟಾಗ ಒಳಗಿನ ತುಕ್ಕು, ಮರಳು ಎಲ್ಲವೂ ಸೇರಿ ಕೆಂಪಗೆ ಬರುವುದು ಅದಕ್ಕೇ. ಶಟ್‌ಡೌನ್ ಮರುದಿನ ಮೊದಲ ನೀರನ್ನು ಹಂಡೆಗೆ, ಫಿಲ್ಟರಿಗೆ ಹಿಡಿಯಬಾರದು. ಸ್ವಲ್ಪ ಹೊತ್ತು ಬಿಟ್ಟು, ಆ ಬಕೆಟ್ಟು ನೀರನ್ನು ನೆಲ ಒರೆಸಲೋ ಟಾಯ್ಲೆಟ್ಟಿಗೋ ಇಟ್ಟುಕೊಂಡು, ತಿಳಿಯಾದ ಮೇಲೆ ಹಿಡಿದು ಕುದಿಸಿ ಕುಡಿಯಬೇಕು. ಎರಡು ಮೂರು ದಿನದಲ್ಲಿ ಅಡುಗೆಮನೆಯ ನಲ್ಲಿಯ ಧಾರೆ ಸಣ್ಣದಾದರೆ ಪ್ಲಂಬರನಿಗೆ ಫೋನು ಮಾಡುವ ಮೊದಲು ನಲ್ಲಿಯ ಬಾಯಿಯಲ್ಲಿರುವ ಜಾಳಿಯನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ ನೋಡಿ. ಒಂದು ಚಿಟಿಕೆ ಮರಳು ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ವಿನೆಗರ್ ಸಾಕು.

ಇನ್ನೊಂದು ಪೀಡೆಯೂ ಇದೇ ಶಟ್‌ಡೌನಿನ ಮಗು. ನೀರಿಲ್ಲದ ಹೊತ್ತಲ್ಲಿ "ಬಂತಾ?" ಎಂದು ನಲ್ಲಿ ತಿರುಗಿಸುತ್ತೇವೆ, ಬರುವುದಿಲ್ಲ, ಹಾಗೇ ಬಿಟ್ಟು ಹೊರಡುತ್ತೇವೆ. ಮಧ್ಯಾಹ್ನ ನೀರು ಬರುತ್ತದೆ. ಸಿಂಕಿನಲ್ಲಿ ಬೆಳಗ್ಗೆ ಇಟ್ಟ ಪಾತ್ರೆ ತೂತಿಗೆ ಅಡ್ಡ ಕೂತಿರುತ್ತದೆ. ಸಂಜೆ ಬಾಗಿಲ ಸಂದಿಯಿಂದ ಮೆಟ್ಟಿಲಿಗೆ ನೀರು ಇಳಿಯುವಾಗ ಕಲ್ಯಾಣ ಲೋಕಲ್‌ನಲ್ಲಿ ನೇತಾಡುತ್ತಿರುವ ಮನೆಯೊಡೆಯನಿಗೆ ವಾಚ್‌ಮನ್‌ನ ಫೋನು ಬರುತ್ತದೆ.

ಇದಕ್ಕಿಂತ ದೊಡ್ಡ ಅನಾಹುತ ಆಗುವುದು ಮೇ ತಿಂಗಳಲ್ಲಿ. ಮಕ್ಕಳ ರಜೆ, ಊರಲ್ಲಿ ಕೋಲ, ಮದುವೆ, ಮಾವಿನಹಣ್ಣು. ಠಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಹತ್ತಿದರೆ ಮತ್ತೆ ಮುಖ ತೋರಿಸುವುದು ಶಾಲೆ ತೆರೆಯುವ ಹೊತ್ತಿಗೆ. ಗ್ಯಾಸ್ ಬಂದ್ ಮಾಡುತ್ತೇವೆ, ಫ್ರಿಜ್ ಖಾಲಿ ಮಾಡುತ್ತೇವೆ, ಬೀಗವನ್ನು ಎರಡು ಬಾರಿ ಎಳೆದು ನೋಡುತ್ತೇವೆ. ನೀರಿನ ಮೇನ್ ವಾಲ್ವ್ ಮಾತ್ರ ತೆರೆದೇ ಇರುತ್ತದೆ. ಬೇಸಿನ್ ಅಡಿಯಲ್ಲಿರುವ ಸ್ಟೀಲ್ ಹೆಣಿಗೆಯ ಕನೆಕ್ಷನ್ ಪೈಪು ಒಡೆಯಲು ಮುಹೂರ್ತ ಬೇಕಿಲ್ಲ. ಒಳಗಿನ ರಬ್ಬರ್ ಕೆಲವು ವರ್ಷಗಳಲ್ಲಿ ಗಟ್ಟಿಯಾಗಿ ಬಿರಿಯುತ್ತದೆ. ಹೊರಗಿನ ಸ್ಟೀಲ್ ಹೊಳೆಯುತ್ತಿರುವುದರಿಂದ ನಮಗೆ ತಿಳಿಯುವುದೇ ಇಲ್ಲ. ನಟ್ಟಿನ ಬುಡದಲ್ಲಿ ಹಸಿರು ಅಥವಾ ಬಿಳಿ ಹುಡಿ ಕಂಡರೆ, ಹೆಣಿಗೆಯ ಒಂದು ತಂತಿ ಮೇಲೆದ್ದಿದ್ದರೆ, ಬದಲಿಸಲು ಅಷ್ಟು ಸಾಕ್ಷಿ ಸಾಕು. ಜೆಟ್ ಸ್ಪ್ರೇಯ ಪೈಪಿನ ಕಥೆಯೂ ಇದೇ. ರಾತ್ರಿ ಮಲಗುವಾಗ ಅದರ ಆ್ಯಂಗಲ್ ಕಾಕ್ ಮುಚ್ಚುವ ಮನೆ ಬುದ್ಧಿವಂತರ ಮನೆ.

ಮೇನ್ ವಾಲ್ವ್ ಎಲ್ಲಿದೆ? ಯಾರ ಮನೆಗೆ ಹೋದರೂ ಈ ಪ್ರಶ್ನೆ ಕೇಳಿ ನೋಡಿ. ಗಂಡ ಹೆಂಡತಿಯನ್ನು ನೋಡುತ್ತಾನೆ, ಹೆಂಡತಿ ಲಾಫ್ಟನ್ನು ನೋಡುತ್ತಾಳೆ. ನಮ್ಮ ಹಳೆಯ ಬಿಲ್ಡಿಂಗುಗಳಲ್ಲಿ ಅದು ಬಾತ್‌ರೂಮಿನ ಲಾಫ್ಟಿನೊಳಗೆ, ಹಳೆಯ ಸೂಟ್‌ಕೇಸು, ಕ್ರಿಸ್‌ಮಸ್ ನಕ್ಷತ್ರ, ಗಣಪತಿಯ ಮಂಟಪಗಳ ಹಿಂದೆ ಇರುತ್ತದೆ. ಕೆಲವು ಕಡೆ ಟೆರೇಸಿನ ಟ್ಯಾಂಕಿನಿಂದ ಇಳಿಯುವ ಪೈಪಿಗೇ ವಾಲ್ವ್. ಒಂದೇ ಇರುತ್ತದೆಂದೂ ಇಲ್ಲ. ಅಡುಗೆಮನೆಗೊಂದು ಲೈನು, ಬಾತ್‌ರೂಮಿಗೊಂದು, ಫ್ಲಶ್ಶಿಗೆ ಬೋರ್‌ವೆಲ್ ನೀರಿನ ಬೇರೆ ಲೈನು. ಯಾವುದು ಯಾವುದಕ್ಕೆ ಎಂದು ತಿರುಗಿಸಿ ಪತ್ತೆ ಮಾಡಿ, ಪೇಂಟಿನಲ್ಲಿ ಬರೆದಿಡಬೇಕು.

ವಾಲ್ವಿನಲ್ಲೂ ಎರಡು ಬಗೆ. ಚಕ್ರದ ಹಿಡಿ ಇರುವ ಹಳೆಯ ಗೇಟ್ ವಾಲ್ವನ್ನು ವರ್ಷಗಟ್ಟಲೆ ಮುಟ್ಟದಿದ್ದರೆ ಒಳಗೆ ಕಚ್ಚಿಕೊಳ್ಳುತ್ತದೆ, ಬೇಕಾದ ದಿನ ತಿರುಗಿಸಲು ಹೋದರೆ ಹಿಡಿಯೇ ಕೈಗೆ ಬರುತ್ತದೆ. ಉದ್ದ ಹಿಡಿಯ ಬಾಲ್ ವಾಲ್ವ್ ಸರಳ. ಹಿಡಿ ಪೈಪಿನ ನೇರಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಯಾವುದೇ ಇರಲಿ, ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯುವ ಅಭ್ಯಾಸ ಬೇಕು. ಬೇಸಿನ್, ಗೀಸರ್, ಫ್ಲಶ್ ಟ್ಯಾಂಕುಗಳ ಆ್ಯಂಗಲ್ ಕಾಕ್‌ಗಳಿಗೂ ಇದೇ ಮಾತು.

ತೊಟ್ಟಿಕ್ಕುವ ನಲ್ಲಿಯನ್ನು ನಮ್ಮ ಕಡೆಯ ಜನ ಯಾಕೆ ಇಷ್ಟು ಸಹಿಸುತ್ತಾರೆ ಎನ್ನುವುದಕ್ಕೆ ನನ್ನಲ್ಲೊಂದು ಉತ್ತರವಿದೆ. ಬಿಲ್ಲು ಯಾರ ಹೆಸರಿಗೂ ಬರುವುದಿಲ್ಲ. ಬಹುತೇಕ ಸೊಸೈಟಿಗಳಲ್ಲಿ ಇಡೀ ಕಟ್ಟಡಕ್ಕೆ ಪಾಲಿಕೆಯ ಒಂದೇ ಮೀಟರು. ಮಹಾರಾಷ್ಟ್ರದ ಸಹಕಾರಿ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಯ ಪ್ರಕಾರ ನೀರಿನ ಖರ್ಚನ್ನು ಪ್ರತಿ ಫ್ಲ್ಯಾಟಿನ ನಲ್ಲಿ ಸಂಪರ್ಕಗಳ ಸಂಖ್ಯೆ ಮತ್ತು ಗಾತ್ರ ನೋಡಿ ಹಂಚಬೇಕು. ಎಷ್ಟು ಬಳಸಿದಿರಿ ಎಂದು ಯಾರೂ ಕೇಳುವುದಿಲ್ಲ. ಎರಡು ನಲ್ಲಿಯ ಮನೆಯ ಮುದುಕಿ ಬಕೆಟ್ಟಿನಲ್ಲಿ ಅಳೆದು ಬಳಸಿದರೂ ಅಷ್ಟೇ, ಹಗಲಿರುಳು ಫ್ಲಶ್ ಸೋರುವ ಮನೆಯೂ ಅಷ್ಟೇ. ಸೋರಿದ ನೀರಿನ ಹಣ ಎಲ್ಲರ ಮೇಂಟೆನೆನ್ಸ್ ಬಿಲ್ಲಿನಲ್ಲಿ ಕರಗಿ ಹೋಗುತ್ತದೆ.

ಲೆಕ್ಕ ಬೇಕಿದ್ದರೆ ಮನೆಯಲ್ಲೇ ಮಾಡಬಹುದು. ತೊಟ್ಟಿಕ್ಕುವ ನಲ್ಲಿಯಡಿ 200 ಮಿಲಿಲೀಟರಿನ ಲೋಟ ಇಡಿ. ಕಾಲು ಗಂಟೆಯಲ್ಲಿ ತುಂಬಿದರೆ ಗಂಟೆಗೆ 800 ಮಿಲಿಲೀಟರ್, ದಿನಕ್ಕೆ 19 ಲೀಟರ್ ದಾಟಿತು, ತಿಂಗಳಿಗೆ 570ಕ್ಕೂ ಹೆಚ್ಚು. ಸಾಮಾನ್ಯ ಮನೆಯ 500 ಲೀಟರಿನ ಸಿಂಟೆಕ್ಸ್ ಟ್ಯಾಂಕಿಗಿಂತ ಜಾಸ್ತಿ. ತಿರುಪಿನ ಹಳೆ ನಲ್ಲಿಯಾದರೆ ಒಳಗಿನ ವಾಷರ್ ಸವೆದಿರುತ್ತದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವೇ ರೂಪಾಯಿ. ಕಾಲು ಸುತ್ತಿನ ಹೊಸ ನಲ್ಲಿಯಲ್ಲಿ ವಾಷರ್ ಇಲ್ಲ, ಸೆರಾಮಿಕ್ ಕಾರ್ಟ್ರಿಜ್. ಅದನ್ನು ಇಡಿಯಾಗಿ ಬದಲಿಸಬೇಕು, ಹಳೆಯದನ್ನು ಅಂಗಡಿಗೆ ಕೈಯಲ್ಲಿ ಹಿಡಿದೇ ಹೋಗಬೇಕು. ಕಂಪನಿಗೊಂದು ಅಳತೆ ಇರುತ್ತದೆ. ನಲ್ಲಿ ಸೋರುತ್ತದೆಂದು ಶಕ್ತಿ ಹಾಕಿ ತಿರುಪುವುದು ಮಾತ್ರ ಬೇಡ. ಸವೆದದ್ದು ಇನ್ನೂ ಸವೆಯುತ್ತದೆ.

ಫ್ಲಶ್ ಟ್ಯಾಂಕಿನ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ, ಕಿವಿಗೂ ಬೀಳುವುದಿಲ್ಲ. ರಾತ್ರಿ ಮಲಗುವಾಗ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿಯ ಹತ್ತು ಹನಿ ಬಿಟ್ಟು, ಫ್ಲಶ್ ಮಾಡದೆ ಅರ್ಧ ಗಂಟೆ ಕಾಯಿರಿ. ಕಮೋಡಿನ ನೀರು ನೀಲಿಯಾಗಿದ್ದರೆ ತಳದ ರಬ್ಬರ್ ಹೋಗಿದೆ ಎಂದರ್ಥ.

ಅಡುಗೆಮನೆಯ ಸಿಂಕಿಗೆ ನಮ್ಮ ಊಟವೇ ಶತ್ರು. ಕುಚ್ಚಲಕ್ಕಿ ಗಂಜಿ ಬಸಿದ ತಿಳಿ, ದೋಸೆಹಿಟ್ಟಿನ ಪಾತ್ರೆ ತೊಳೆದ ನೀರು, ತೆಂಗಿನಕಾಯಿ ತುರಿಯ ಚೂರು, ಒಗ್ಗರಣೆಯ ಎಣ್ಣೆ. ಒಂದೊಂದೇ ಹೋದರೆ ಏನೂ ಆಗದು. ಪೈಪಿನ ಒಳಗೋಡೆಗೆ ಎಣ್ಣೆ ಲೇಪವಾಗಿ, ಅದರ ಮೇಲೆ ಹಿಟ್ಟು ಕೂತು, ಹಿಟ್ಟಿನ ಮೇಲೆ ತುರಿಯ ನಾರು ಸಿಕ್ಕಿಕೊಂಡರೆ ಗಾರೆಯೇ ತಯಾರು. ಹಿಟ್ಟಿನ ಪಾತ್ರೆಯನ್ನು ಮೊದಲು ಕೈಯಲ್ಲಿ ಸವರಿ ತೆಗೆದು, ಎಣ್ಣೆಯ ಬಾಣಲೆಯನ್ನು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯುವುದೇ ಉಪಾಯ. ಬಸಿದ ಗಂಜಿಯನ್ನು ಕುದಿಕುದಿಯುತ್ತಾ ಸಿಂಕಿಗೆ ಸುರಿಯುವುದಂತೂ ಬೇಡವೇ ಬೇಡ. ಅಡಿಯಲ್ಲಿರುವ ಪಿವಿಸಿ ವೇಸ್ಟ್ ಪೈಪು ಆ ಬಿಸಿಗೆ ಮೆತ್ತಗಾಗಿ ಜೋತು ಬೀಳುತ್ತದೆ, ಜೋತ ಕಡೆ ಕಸ ನಿಲ್ಲುತ್ತದೆ. ಕಟ್ಟಿಕೊಂಡಾಗ ಮೊದಲು ಬಳಸಬೇಕಾದ್ದು ರಬ್ಬರ್ ಪಂಪು, ಆಮೇಲೆ ಬಾಟಲ್ ಟ್ರ್ಯಾಪ್ ಅಡಿಗೆ ಬಕೆಟ್ ಇಟ್ಟು ಕೈಯಲ್ಲೇ ಬಿಚ್ಚಿ ತೊಳೆಯುವುದು. ಕಾಸ್ಟಿಕ್ ಪುಡಿ ಕೊನೆಯ ಅಸ್ತ್ರ. ಪುಡಿ ಸುರಿದ ಮೇಲೆ ಪ್ಲಂಬರನನ್ನು ಕರೆದರೆ ಅವನಿಗೆ ಅದನ್ನು ಹೇಳಲೇಬೇಕು. ಪೈಪು ಬಿಚ್ಚುವಾಗ ಅದು ಬೀಳುವುದು ಅವನ ಕೈ ಮೇಲೆ, ಕಣ್ಣಿಗೆ.

ಬಾತ್‌ರೂಮಿನ ನೆಲದಲ್ಲಿ ಜಾಳಿಯ ಕೆಳಗಿರುವುದು ನಹಾಣಿ ಟ್ರ್ಯಾಪ್. ಅದರಲ್ಲಿ ಸದಾ ಎರಡು ಇಂಚಿನಷ್ಟು ನೀರು ನಿಂತಿರುತ್ತದೆ. ಗಟಾರದ ವಾಸನೆ, ಜಿರಳೆಗಳನ್ನು ತಡೆಯುವುದು ಆ ಎರಡು ಇಂಚು ನೀರೇ. ಊರಿಗೆ ಹೋದ ತಿಂಗಳಲ್ಲಿ ಅದು ಆರುತ್ತದೆ. ಬಂದು ಬಾಗಿಲು ತೆರೆದರೆ ಮನೆಯಿಡೀ ಗಬ್ಬು, ದೀಪ ಹಾಕಿದರೆ ಜಿರಳೆಗಳ ಜಾತ್ರೆ. ಹೊರಡುವ ದಿನ ಪ್ರತಿ ಜಾಳಿಗೂ ಒಂದು ಚೊಂಬು ನೀರು ಹೊಯ್ದು, ಮೇಲೆ ಎರಡು ಚಮಚ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ.

ಈಗ ಮೊದಲು ಹೇಳಿದ ಕಂದು ಉಂಗುರಕ್ಕೆ ಬರೋಣ. ಮೇಲಿನವರೂ ಕೆಳಗಿನವರೂ ಕೋರ್ಟು ಕಚೇರಿ ಎನ್ನುವ ಮೊದಲು ಒಂದು ಭಾನುವಾರ ಒಟ್ಟಿಗೆ ಕೂತು ಪತ್ತೆದಾರಿ ಮಾಡಬಹುದು. ಮೇಲಿನ ಮನೆಯ ವಾಲ್ವ್ ಮುಚ್ಚಿ ಕೆಲವು ಗಂಟೆ ಯಾರೂ ನೀರು ಬಳಸದಿದ್ದರೆ ಸೋರುವುದು ನಿಲ್ಲುತ್ತದೆಯೇ? ವಾಲ್ವ್ ತೆರೆದು, ಆದರೂ ನೀರು ಬಳಸದೆ ಇದ್ದಾಗ ಮತ್ತೆ ಸೋರಿದರೆ ಗೋಡೆಯೊಳಗಿನ ಸರಬರಾಜು ಪೈಪಿನಲ್ಲಿ ದೋಷ. ಸ್ನಾನ ಮಾಡಿದಾಗ ಮಾತ್ರ ಹನಿದರೆ ನೆಲದ ಟೈಲ್ಸ್ ಸಂದಿ ಅಥವಾ ನಹಾಣಿ ಟ್ರ್ಯಾಪಿನ ಜಾಯಿಂಟು. ಮಳೆ ಬಂದಾಗ ಮಾತ್ರ ಹನಿದರೆ ಹೊರಗೋಡೆ ಅಥವಾ ಟೆರೇಸು, ಆಗ ಮೇಲಿನವರ ತಪ್ಪೇ ಇಲ್ಲ. ಇಷ್ಟನ್ನು ತಿಳಿಯಲು ಇಂಜಿನಿಯರ್ ಬೇಕಿಲ್ಲ, ಪರಸ್ಪರ ಬಾಗಿಲು ತೆರೆಯುವ ಮನಸ್ಸು ಬೇಕು.

ಒಂದು ತೊಡಕಿದೆ. ಮುಂಬಯಿ ಕಡೆಯ ಬಾತ್‌ರೂಮುಗಳ ನೆಲದಡಿ ಇಟ್ಟಿಗೆ ಚೂರು, ಗಾರೆ ತುಂಬಿಸಿದ ದಪ್ಪ ಪದರ ಇರುತ್ತದೆ. ಕೆಲಸಗಾರರು ಅದನ್ನು ಕೋಬಾ ಎನ್ನುತ್ತಾರೆ. ಸೋರಿದ ನೀರನ್ನು ಅದು ಕುಡಿದು ಇಟ್ಟುಕೊಳ್ಳುತ್ತದೆ, ನಿಧಾನಕ್ಕೆ ಬಿಡುತ್ತದೆ. ಹಾಗಾಗಿ ರಿಪೇರಿಯಾದ ಮೇಲೂ ವಾರಗಟ್ಟಲೆ ಕೆಳಗೆ ಒದ್ದೆ ಕಾಣಬಹುದು. "ಇಷ್ಟು ಖರ್ಚು ಮಾಡಿದರೂ ನಿಂತಿಲ್ಲ" ಎಂದು ಎರಡನೇ ಸುತ್ತಿನ ಜಗಳ ಹತ್ತುವುದು ಇಲ್ಲೇ. ಕಾಯಬೇಕು.

ಆ ಟೈಲ್ಸ್ ಸಂದಿಗಳನ್ನು ಹಾಳು ಮಾಡುವವರು ಯಾರು? ಬಹಳ ಸಲ ನಾವೇ. ಹಬ್ಬಕ್ಕೆ ಬಾತ್‌ರೂಮು ಫಳಫಳ ಹೊಳೆಯಬೇಕೆಂದು ಆ್ಯಸಿಡ್ ಹಾಕಿ ಉಜ್ಜುತ್ತೇವೆ. ಆ್ಯಸಿಡ್ ಕೊಳೆಯನ್ನು ತಿನ್ನುತ್ತದೆ, ಜೊತೆಗೆ ಟೈಲ್ಸ್ ನಡುವಿನ ಸಿಮೆಂಟನ್ನೂ ನಲ್ಲಿಯ ಹೊಳಪನ್ನೂ ತಿನ್ನುತ್ತದೆ. ಕಮೋಡಿನ ಸುತ್ತ, ಗೋಡೆ ನೆಲ ಸೇರುವ ಮೂಲೆ, ಜಾಳಿಯ ಅಂಚು, ಈ ಮೂರು ಕಡೆ ಉಗುರಿನಿಂದ ಗೀರಿ ನೋಡಿ. ಪುಡಿ ಬಂದರೆ, ಸಂದಿ ಕಪ್ಪಗೆ ಟೊಳ್ಳಾಗಿದ್ದರೆ, ಹಳೆಯದನ್ನು ಕೆರೆದು ಎಪಾಕ್ಸಿ ಗ್ರೌಟ್ ತುಂಬಿಸಬೇಕು. ಒಂದು ದಿನದ ಕೆಲಸ. ಇಡೀ ನೆಲ ಒಡೆಯುವ ಖರ್ಚಿನ ಎದುರು ಏನೂ ಅಲ್ಲ. ಇನ್ನು ಹಳೆ ಟೈಲ್ಸ್ ಮೇಲೇ ಹೊಸ ಟೈಲ್ಸ್ ಅಂಟಿಸುವ ಫ್ಯಾಷನ್ನಿನ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಕೆಳಗಿನ ರೋಗ ಮುಚ್ಚಿಹೋಗುತ್ತದೆ, ನೆಲದ ಇಳಿಜಾರೂ ಹೋಗುತ್ತದೆ. ಒಡೆದು ಮಾಡಿಸುವುದಾದರೆ ವಾಟರ್‌ಪ್ರೂಫಿಂಗ್ ಆದ ಮೇಲೆ ಟೈಲ್ಸ್ ಹಾಕುವ ಮೊದಲು ಜಾಳಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನವರ ಸೂರು ನೋಡಿ ಬನ್ನಿ. ಗೋಡೆಯೊಳಗೆ ಪೈಪು ಕೂರಿಸಿದಾಗ ಪ್ಲಾಸ್ಟರ್ ಮಾಡುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವವನು ನಿಮ್ಮ ಮಗನೇ ಇರಬಹುದು.

ಖರ್ಚು ಯಾರದ್ದು? ಮಾದರಿ ಉಪವಿಧಿಗಳು ಸ್ಪಷ್ಟವಾಗಿಯೇ ಇವೆ. ಹೊರಗಿನ ನೀರಿನ ಪೈಪು, ಪಂಪು, ಟ್ಯಾಂಕು, ಡ್ರೈನೇಜ್ ಲೈನು, ಟೆರೇಸು, ಮಳೆನೀರಿನ ಸೋರಿಕೆ, ಇವೆಲ್ಲ ಸೊಸೈಟಿಯ ಹೊಣೆ. ಟಾಯ್ಲೆಟ್, ಸಿಂಕ್ ಮುಂತಾದ ಒಳಗಿನ ಸೋರಿಕೆ ಆಯಾ ಮನೆಯವರದ್ದು. 'ಇಂಟರ್ನಲ್ ಲೀಕೇಜು' ಎಂದು ಸೆಕ್ರೆಟರಿ ಜಾರಿಕೊಳ್ಳುವುದಕ್ಕೆ ಮಾತ್ರ ಉಪವಿಧಿಯಲ್ಲಿ ಅವಕಾಶವಿಲ್ಲ. ದೂರು ಬಂದಾಗ ಬಂದು ನೋಡಿ, ಮೂಲ ಯಾವುದೆಂದು ತೀರ್ಮಾನಿಸಿ, ಸಂಬಂಧಪಟ್ಟವರಿಗೆ ಲಿಖಿತವಾಗಿ ತಿಳಿಸುವುದು ಕಮಿಟಿಯ ಕೆಲಸ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಕಾಗದದಲ್ಲಿ ಬರೆದು, ಒಂದು ಪ್ರತಿಗೆ ಸೊಸೈಟಿಯ ಸೀಲು ಹಾಕಿಸಿಕೊಳ್ಳಿ.

ಇದು ಬರೀ ಬಣ್ಣ ಹಾಳಾಗುವ ಮಾತಲ್ಲ ಎನ್ನುವುದಕ್ಕೆ ನಮ್ಮ ಪ್ರದೇಶದಲ್ಲೇ ಸಾಕ್ಷಿ ಬೇಕಾದಷ್ಟಿದೆ. ಸಿಡ್ಕೋ ಕಟ್ಟಿಸಿದ ವಾಶಿಯ ಜೆಎನ್-1, ಜೆಎನ್-2 ಮಾದರಿಯ ಕಟ್ಟಡಗಳಲ್ಲಿ ಸೂರಿನ ಪ್ಲಾಸ್ಟರ್ ಮಂಚದ ಮೇಲೆ ಉದುರುವ ಸುದ್ದಿ ಓದುತ್ತಲೇ ಒಂದು ತಲೆಮಾರು ಬೆಳೆಯಿತು. ಕಾಂಕ್ರೀಟಿನೊಳಗೆ ನೀರು ಇಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದು ಒಳಗಿಂದ ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ, ಸೀಳಿನಿಂದ ಮತ್ತಷ್ಟು ನೀರು. 15 ವರ್ಷ ದಾಟಿದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಬೇಕೆಂದು ನಿಯಮ ಇರುವುದು ಇದಕ್ಕೇ. ಮಳೆಗಾಲಕ್ಕೆ ಮುಂಚೆ ಠಾಣೆ, ಕಲ್ಯಾಣ–ಡೊಂಬಿವಲಿ ಪಾಲಿಕೆಗಳು ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುತ್ತವೆ. ಆ ಪಟ್ಟಿಯ ಎಷ್ಟೋ ಕಟ್ಟಡಗಳ ಹಿಂಗೋಡೆ ನೋಡಿದರೆ ಕಥೆ ತಾನೇ ತಿಳಿಯುತ್ತದೆ.

ಹಿಂಗೋಡೆಯನ್ನು ನಾವು ಯಾರೂ ನೋಡುವುದಿಲ್ಲ. ಒಮ್ಮೆ ಕಟ್ಟಡದ ಹಿಂದೆ ಹೋಗಿ ಕತ್ತೆತ್ತಿ ನೋಡಿ. ಹಳೆಯ ಬೀಡಿನ ಪೈಪು, ಹೊಸ ಪಿವಿಸಿ ಪೈಪುಗಳ ಜಾಯಿಂಟುಗಳಲ್ಲಿ ಅಶ್ವತ್ಥದ ಸಸಿಗಳು ನಳನಳಿಸುತ್ತಿರುತ್ತವೆ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ. ಅಲ್ಲಿ ಸದಾ ಹಸಿ ಇರುವುದರಿಂದಲೇ ಅದು ಬದುಕಿದೆ, ಅಂದರೆ ಸಸಿ ಇದ್ದಲ್ಲಿ ಸೋರಿಕೆ ಇದೆ. ಬೇರು ಜಾಯಿಂಟಿನೊಳಗೆ ನುಗ್ಗಿ ಪೈಪನ್ನು ಬಿರಿಸುತ್ತದೆ, ಗೋಡೆಯನ್ನೂ. ಅಶ್ವತ್ಥವನ್ನು ಕಡಿಯಲು ಕೆಲಸದವರು ಹಿಂಜರಿಯುತ್ತಾರೆ, ಕಡಿಸಲು ಕಮಿಟಿಯವರೂ ಹಿಂಜರಿಯುತ್ತಾರೆ. ಕೈ ಮುಗಿದು ಕಡಿಸಿದ ಸೆಕ್ರೆಟರಿಗಳಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಮೇಲಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬೇರು ಕಿತ್ತು, ಸಂದಿ ತುಂಬಿ, ಜಾಯಿಂಟು ಬದಲಿಸಬೇಕು. ಡ್ರೈ ಬಾಲ್ಕನಿಯ ವಾಷಿಂಗ್ ಮೆಷಿನ್ ನೀರನ್ನು ಮಳೆನೀರಿನ ಪೈಪಿಗೆ ಬಿಟ್ಟವರಿದ್ದರೆ ಅದನ್ನೂ ಇದೇ ಹೊತ್ತಿಗೆ ನೋಡಿ. ಆ ಪೈಪಿನ ಜಾಯಿಂಟುಗಳು ಎಷ್ಟೋ ಕಡೆ ಸಡಿಲ, ಸೋಪಿನ ನೀರು ವರ್ಷವಿಡೀ ಗೋಡೆ ತೋಯಿಸುತ್ತಿರುತ್ತದೆ.

ಕಟ್ಟಡಕ್ಕೆ ಇಪ್ಪತ್ತೈದು ಮೂವತ್ತು ವರ್ಷವಾಗಿ, ಇನ್ನೂ ಜಿಐ ಪೈಪುಗಳೇ ಇದ್ದರೆ ತೇಪೆ ಹಾಕುವುದು ಬಿಡಿ. ಒಳಗೆ ತುಕ್ಕಿನ ಗಂಟುಗಳು ಬೆಳೆದು ಒಂದು ಇಂಚಿನ ಪೈಪಿನಲ್ಲಿ ಪೆನ್ನಿನ ಗಾತ್ರದ ದಾರಿಯಷ್ಟೇ ಉಳಿದಿರುತ್ತದೆ. ಮೇಲಿನ ಮಹಡಿಗೆ ಪ್ರೆಷರ್ ಇಲ್ಲ ಎಂದು ದೊಡ್ಡ ಪಂಪು ತಂದರೆ ಹಳೆಯ ಪೈಪು ಒಡೆಯುತ್ತದೆ ಅಷ್ಟೇ. ತಣ್ಣೀರಿಗೆ ಯುಪಿವಿಸಿ, ಗೀಸರಿನ ಬಿಸಿನೀರಿಗೆ ಸಿಪಿವಿಸಿ. ಇವೆರಡನ್ನು ಅದಲು ಬದಲು ಮಾಡುವ ಪ್ಲಂಬರನಿಂದ ದೂರ ಇರಿ.

ಸೊಸೈಟಿಯ ನೆಲದಡಿಯ ಟ್ಯಾಂಕಿನ ಮೇಲೆ ಒಂದು ಕಣ್ಣಿರಲಿ. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಬಿದ್ದದ್ದು ಎಲ್ಲರಿಗೂ ನೆನಪಿದೆ. ಕಲ್ಯಾಣದ ಕಡೆ ಉಲ್ಹಾಸವೂ ಅಂದು ಊರೊಳಗೆ ಬಂದಿತ್ತು. 2019ರ ಜುಲೈಯಲ್ಲಿ ಅದೇ ನದಿ ಉಕ್ಕಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನು ವಾಂಗಣಿ ಬಳಿ ನಡುನೀರಿನಲ್ಲಿ ನಿಲ್ಲಿಸಿತು. ಇಂಥ ದಿನ ನೆಲಮಟ್ಟದಲ್ಲಿ ಮುಚ್ಚಳ ಇರುವ ಟ್ಯಾಂಕಿಗೆ ಗಟಾರದ ನೀರು ನೇರ ಇಳಿಯುತ್ತದೆ. ಮುಚ್ಚಳದ ಕಟ್ಟೆ ಅಂಗಳಕ್ಕಿಂತ ಎತ್ತರ ಇರಬೇಕು. ನೆರೆ ನೀರು ಹೊಕ್ಕಿತೆಂಬ ಅನುಮಾನವಿದ್ದರೂ ಸಾಕು, ಪಂಪು ಹಾಕದೆ ಟ್ಯಾಂಕು ಖಾಲಿ ಮಾಡಿ ತೊಳೆದು ಕ್ಲೋರಿನ್ ಹಾಕಿಸಬೇಕು. ಸಾಮಾನ್ಯ ವರ್ಷದಲ್ಲೂ ಆರು ತಿಂಗಳಿಗೊಮ್ಮೆ ನೆಲದಡಿಯ, ಟೆರೇಸಿನ ಎರಡೂ ಟ್ಯಾಂಕು ತೊಳೆಸುವುದು ವಾಡಿಕೆ.

ವರ್ಷಕ್ಕೆ ಎರಡು ಸಲದ ಆ ತೊಳೆತದಲ್ಲಿ ಒಂದಕ್ಕೆ ನಮ್ಮಲ್ಲೇ ದಿನ ಗೊತ್ತಾಗಿದೆ. ನರಕ ಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒಲೆ ಸಾರಿಸಿ, ಹೊಸನೀರು ತುಂಬಿ, ಹಂಡೆಯ ಕೊರಳಿಗೆ ಹೂವೋ ಹಿಂಡ್ಲೆಬಳ್ಳಿಯೋ ಕಟ್ಟುತ್ತಿದ್ದರು ನಮ್ಮ ಅಜ್ಜಿಯರು. ಮಳೆಗಾಲ ಮುಗಿದು ಚಳಿ ಶುರುವಾಗುವ ಸಂದಿಯಲ್ಲಿ ಬಚ್ಚಲು ಮನೆಯ ಪಾತ್ರೆ, ಒಲೆ, ಹೊಗೆಗೂಡು ಎಲ್ಲವನ್ನೂ ಒಮ್ಮೆ ಬಿಚ್ಚಿ ಶುಚಿ ಮಾಡುವ ದಿನ ಅದು. ಇವತ್ತು ಹಂಡೆಯ ಜಾಗದಲ್ಲಿ ಗೀಸರ್ ಇದೆ. ಹಬ್ಬದ ವಾರ ಗೀಸರಿನ ಎಂಸಿಬಿ ಇಳಿಸಿ, ಮೆಕ್ಯಾನಿಕ್ ಕರೆಸಿ ಒಳಗಿನ ಸುಣ್ಣದ ಪದರ ತೆಗೆಸಿ, ಆ್ಯನೋಡ್ ರಾಡ್ ಸವೆದಿದೆಯೇ ನೋಡಿಸಿ. ಟ್ಯಾಂಕರ್, ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಬೇಗ ಸವೆಯುತ್ತದೆ. ಪಕ್ಕದ ಸೇಫ್ಟಿ ವಾಲ್ವಿನಿಂದ ನೀರು ಕಾಯುವಾಗ ನಾಲ್ಕು ಹನಿ ಬೀಳುವುದು ಸಹಜ. ಅದು ಸೋರುತ್ತಿದೆಯೆಂದು ಬಿರಡೆ ಜಡಿದರೆ ಗೀಸರ್ ಬಾಂಬು. ಗ್ಯಾಸ್ ಗೀಸರ್ ಇಟ್ಟವರು ಕಿಟಕಿಯಿಲ್ಲದ ಬಾತ್‌ರೂಮಿನಿಂದ ಅದನ್ನು ಇವತ್ತೇ ಹೊರಗೆ ಹಾಕಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಕೊನೆಗೆ, ಪ್ಲಂಬರನ ಬಗ್ಗೆ. ಮನೆಗೆ ಬಂದ ಪ್ಲಂಬರನನ್ನು ಊರು ಯಾವುದೆಂದು ಕೇಳಿದರೆ ಒಡಿಶಾದ ಕೇಂದ್ರಾಪಾರಾ ಎನ್ನುವ ಸಾಧ್ಯತೆ ಬಹಳ. ಉಡುಪಿಯವರಿಗೆ ಹೋಟೆಲು ಹೇಗೋ ಆ ಜಿಲ್ಲೆಯವರಿಗೆ ಪೈಪಿನ ಕೆಲಸ ಹಾಗೆ. ಅಲ್ಲಿನ ಪಟ್ಟಾಮುಂಡೈಯಲ್ಲಿ ಪ್ಲಂಬಿಂಗ್ ಕಲಿಸುವ ಸರ್ಕಾರಿ ಸಂಸ್ಥೆಯೇ ಇದೆ. ಅಣ್ಣನ ಹಿಂದೆ ತಮ್ಮ, ಮಾವನ ಹಿಂದೆ ಅಳಿಯ ಎಂದು ಬಂದವರು. ಇದು ನಮಗೆ ಗೊತ್ತಿಲ್ಲದ ದಾರಿಯೇನಲ್ಲ. ಬೆಳಗ್ಗೆ ನಾಕಾದಲ್ಲಿ ಚೀಲ ಹಿಡಿದು ನಿಂತವರಲ್ಲಿ ಕಲಿತವನೂ ಇರುತ್ತಾನೆ, ನಿನ್ನೆ ಕೂಲಿಯಾಗಿದ್ದು ಇವತ್ತು ಪಾನೆ ಹಿಡಿದವನೂ ಇರುತ್ತಾನೆ. ಗುರುತಿಸುವುದು ಕಷ್ಟವಿಲ್ಲ. ಬಂದ ಕೂಡಲೇ "ಸಬ್ ತೋಡನಾ ಪಡೇಗಾ" ಎನ್ನುವವನನ್ನು ಕಳಿಸಿಬಿಡಿ. ಮೊದಲು ವಾಲ್ವ್ ಎಲ್ಲಿದೆ ಎಂದು ಕೇಳಿ, ಕೆಳಗಿನ ಮನೆಗೂ ಹೋಗಿ ಸೂರು ಮುಟ್ಟಿ ನೋಡುವವನ ನಂಬರನ್ನು ಫೋನಿನಲ್ಲಿ ಹಾಕಿಟ್ಟುಕೊಳ್ಳಿ. ಅವನು ಕೇಳಿದ ಮಜೂರಿಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ.

ಮುಂಗಾರು ಈ ಕಡೆಗೆ ಬರುವುದು ಜೂನ್ 11ರ ಸುಮಾರಿಗೆ. ಅಷ್ಟರೊಳಗೆ ಒಂದು ಭಾನುವಾರ ಲಾಫ್ಟಿನ ಸಾಮಾನು ಸರಿಸಿ ಮೇನ್ ವಾಲ್ವ್ ತಿರುಗುತ್ತದೆಯೇ ನೋಡಿ, ಬಾತ್‌ರೂಮಿನ ಸಂದಿಗಳನ್ನು ಗೀರಿ ನೋಡಿ, ಆಮೇಲೆ ಒಂದು ಮಹಡಿ ಇಳಿದು ಕೆಳಗಿನವರ ಬೆಲ್ ಒತ್ತಿ, "ನಿಮ್ಮ ಸೂರು ಹೇಗಿದೆ?" ಎಂದು ನೀವೇ ಕೇಳಿ ಬನ್ನಿ. ಜೂನ್ ಮಧ್ಯದ ಮೇಲೆ ಪ್ಲಂಬರನ ಫೋನು ಎಂಗೇಜೇ ಇರುತ್ತದೆ.